ಆ ವಿಡಿಯೊ ನಿಮ್ಮಲ್ಲೇ ನಿಲ್ಲಲಿ

2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿ ಎಟಿಎಂ ಒಂದರೊಳಗೆ ನಡೆದದ್ದನ್ನು ನೋಡದ ಕನ್ನಡಿಗರು ಕಡಿಮೆ. ಹಣ ತೆಗೆಯಲು ಹೋದ ಮಹಿಳೆಯ ಹಿಂದೆಯೇ ಒಬ್ಬ ನುಗ್ಗುತ್ತಾನೆ, ಷಟರ್ ಎಳೆಯುತ್ತಾನೆ, ಮಚ್ಚು ಹೊರತೆಗೆಯುತ್ತಾನೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಇಷ್ಟು ವರ್ಷದ ಮೇಲೂ ನಿಮ್ಮಲ್ಲಿ ಅನೇಕರಿಗೆ ಅದು ಕಣ್ಣಿಗೆ ಕಟ್ಟಿದಂತಿದೆ. ಸಿಸಿಟಿವಿಯಲ್ಲಿ ಸೆರೆಯಾದ ಆ ದೃಶ್ಯವನ್ನು ಸುದ್ದಿವಾಹಿನಿಗಳು ದಿನಗಟ್ಟಲೆ ಬಿತ್ತರಿಸಿದವು, ನಾವು ದಿನಗಟ್ಟಲೆ ನೋಡಿದೆವು. ದಾಳಿಕೋರನ ಪತ್ತೆಗೆ ಅನುಕೂಲವಾಗಲಿ ಎಂದು ತೋರಿಸಿದರು ಎನ್ನಬಹುದು. ಪತ್ತೆಗೆ ಅವನ ಮುಖದ ಒಂದು ಚಿತ್ರ ಸಾಕಿತ್ತು, ಏಟು ಬೀಳುವುದನ್ನು ತೋರಿಸಬೇಕಿರಲಿಲ್ಲ. ಅವನು ಕೊನೆಗೆ ಸಿಕ್ಕಿಬಿದ್ದದ್ದು 2017ರಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ. ಆ ಮಹಿಳೆ ಬದುಕುಳಿದರು. ಬದುಕುಳಿದವರು ಮನೆಗೆ ಬಂದು ಟಿವಿ ಹಾಕುವುದಾದರೂ ಹೇಗೆ ಎಂದು ಕೇಳಿದವರು ವಿರಳ.

ಆಗ ಟಿವಿ ಮುಂದೆ ಕೂರಬೇಕಿತ್ತು. ಈಗ ಅಂಥದ್ದು ತಾನಾಗಿ ಜೇಬಿಗೆ ಬಂದು ಬೀಳುತ್ತದೆ. ಹಳೆಯ ಸಹಪಾಠಿಗಳ ಗುಂಪು, ಬಡಾವಣೆಯ ಗುಂಪು, ‘ಶುಭೋದಯ’ದ ಹೂಗಳು ಬರುವ ಬಂಧುಬಳಗದ ಗುಂಪು, ಯಾವುದೂ ಇದರಿಂದ ಹೊರತಲ್ಲ. ಕೆಳಗೊಂದು ಸಾಲು: ‘ಹೃದಯ ಗಟ್ಟಿ ಇರುವವರು ಮಾತ್ರ ನೋಡಿ.’ ಆಹ್ವಾನ ಕೊಡಲು ಇದಕ್ಕಿಂತ ಚೆನ್ನಾದ ಸಾಲು ಇನ್ನೊಂದಿಲ್ಲ. ಎಚ್ಚರಿಕೆಯ ವೇಷದಲ್ಲಿ ಬಂದ ಕರೆಯೋಲೆ ಅದು.

ಇಂಥದ್ದನ್ನು ನೋಡುವವರಿಗೆ ಮನುಷ್ಯತ್ವವಿಲ್ಲ ಎಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಆ ಬೈಗುಳದಲ್ಲಿ ನನಗೆ ನಂಬಿಕೆಯಿಲ್ಲ. ಈ ಸೆಳೆತ ಮೊಬೈಲು ಹುಟ್ಟುಹಾಕಿದ್ದಲ್ಲ. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪ್ಲೇಟೊ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಲಿಯೊಂಟಿಯಸ್ ಎಂಬವನ ಕಥೆ ಹೇಳುತ್ತಾನೆ. ಬಂದರಿನಿಂದ ಅಥೆನ್ಸಿಗೆ ನಡೆದು ಬರುವಾಗ ಕೋಟೆಗೋಡೆಯ ಹೊರಗೆ, ಮರಣದಂಡನೆ ಜಾರಿ ಮಾಡುವವನ ಬಳಿ ಹೆಣಗಳು ಬಿದ್ದಿರುವುದು ಅವನಿಗೆ ಕಾಣುತ್ತದೆ. ನೋಡಬೇಕೆಂಬ ಆಸೆ, ಜೊತೆಗೇ ಹೇಸಿಗೆ. ಮುಖ ಮುಚ್ಚಿಕೊಂಡು ತನ್ನೊಂದಿಗೆ ತಾನೇ ಗುದ್ದಾಡುತ್ತಾನೆ. ಕಡೆಗೆ ಸೋತು, ಕಣ್ಣರಳಿಸಿಕೊಂಡು ಹೆಣಗಳತ್ತ ಓಡಿ, ತೃಪ್ತಿಯಾಗುವಷ್ಟು ನೋಡಿಕೊಳ್ಳಿ ಎಂದು ತನ್ನ ಕಣ್ಣುಗಳಿಗೇ ಶಾಪ ಹಾಕುತ್ತಾನೆ. ಅವನು ರಾಕ್ಷಸನಲ್ಲ, ನಮ್ಮಂಥವನೇ. ನಮಗಿಂತ ಒಂದು ಕೈ ಮೇಲು ಎಂದೇ ಹೇಳಬೇಕು, ಏಕೆಂದರೆ ಅವನಿಗೆ ನಾಚಿಕೆಯಾಯಿತು.

ಏಕೆ ಈ ಸೆಳೆತ? ಕೇರಿಯಲ್ಲಿ ಹಾವು ಬಂತೆಂದರೆ ಮಕ್ಕಳು ಮುದುಕರೆನ್ನದೆ ಎಲ್ಲರೂ ಹೊರಗೆ ಬಂದು ಇಣುಕುತ್ತಾರಲ್ಲ, ಇದರ ಬೇರೂ ಅಲ್ಲೇ ಇದೆ. ಕೊಲ್ಲಬಲ್ಲದ್ದು ಎಲ್ಲಿದೆ, ಹೇಗಿದೆ, ಯಾವ ಪೊದೆಗೆ ನುಗ್ಗಿತು ಎಂದು ತಿಳಿದುಕೊಂಡವರು ಉಳಿದುಕೊಂಡರು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಸುಜಾನ್ ಊಸ್ಟರ್‌ವೈಕ್ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಾವುನೋವಿನ ಚಿತ್ರ ಬೇಕೋ ಸಾಮಾನ್ಯ ಚಿತ್ರ ಬೇಕೋ ಎಂದು ಆಯ್ಕೆ ಕೊಟ್ಟಾಗ ಜನ ಎಷ್ಟೋ ಸಲ ಬೇಕೆಂದೇ ಸಾವುನೋವಿನದನ್ನು ಆರಿಸಿಕೊಂಡರು. ಅಪಾಯವನ್ನು ಅರಿಯುವ ಹಂಬಲ ನಮ್ಮಲ್ಲಿ ಅಷ್ಟು ಆಳವಾಗಿದೆ. ಆದರೆ ಕೇರಿಯ ಹಾವನ್ನು ನೋಡಿದವನು ಮಗುವನ್ನು ಒಳಗೆ ಕರೆಯುತ್ತಾನೆ, ಕೋಲು ಹುಡುಕುತ್ತಾನೆ, ಹಾವು ಹಿಡಿಯುವವರಿಗೆ ಹೇಳಿ ಕಳಿಸುತ್ತಾನೆ. ಯಾವುದೋ ಊರಿನಲ್ಲಿ ಯಾರನ್ನೋ ಕೊಚ್ಚುವ ವಿಡಿಯೊ ನೋಡಿದವನಿಗೆ ಮಾಡಲು ಏನೂ ಇಲ್ಲ. ಎದೆ ಹೊಡೆದುಕೊಳ್ಳುತ್ತದೆ, ಕೈಗೆ ಕೆಲಸವಿಲ್ಲ. ಆ ಸುಮ್ಮನಿರಲಾರದ ಕೈ ಮಾಡುವ ಕೆಲಸವೇ ಫಾರ್ವರ್ಡ್.

ನೋಡಿದರೆ ಭಯ ಕಳೆಯುತ್ತದೆ, ಮನಸ್ಸು ಗಟ್ಟಿಯಾಗುತ್ತದೆ ಎಂಬ ವಾದವೊಂದಿದೆ. ಐಎಸ್ ಉಗ್ರರು ಒತ್ತೆಯಾಳುಗಳ ಶಿರಚ್ಛೇದ ಮಾಡಿ ವಿಡಿಯೊ ಹರಿಯಬಿಟ್ಟ 2014ರ ದಿನಗಳ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞರ ತಂಡವೊಂದು ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ 2019ರಲ್ಲಿ ವರದಿ ಪ್ರಕಟಿಸಿತು. ಸುಮಾರು ಐವರಲ್ಲಿ ಒಬ್ಬರು ಅಂಥ ವಿಡಿಯೊದ ಸ್ವಲ್ಪ ಭಾಗವನ್ನಾದರೂ ನೋಡಿದ್ದರು. ಏಕೆ ನೋಡಿದಿರಿ ಎಂದರೆ, ಕುತೂಹಲ, ನಿಜವೋ ಸುಳ್ಳೋ ತಿಳಿಯಲಿಕ್ಕೆ, ಇಂಥ ಉತ್ತರಗಳು. ಭಯೋತ್ಪಾದನೆಯ ಭಯ ಮೊದಲೇ ಹೆಚ್ಚಿದ್ದವರೇ ಹೆಚ್ಚಾಗಿ ನೋಡಿದ್ದರು. ಎರಡು ವರ್ಷ ಕಳೆದ ಮೇಲೆ ಕೇಳಿದಾಗಲೂ ಅವರ ಭಯ ನೋಡದವರಿಗಿಂತ ಹೆಚ್ಚೇ ಇತ್ತು. ಹಣ ಪಡೆದು ನೋಡುವವರ ಸ್ಥಿತಿಯೂ ಬೇರೆಯಲ್ಲ. ಬಳಕೆದಾರರು ಹಾಕಿದ ಕ್ರೌರ್ಯದ ದೃಶ್ಯಗಳನ್ನು ದಿನವಿಡೀ ನೋಡಿ ತೆಗೆದುಹಾಕುವ ಉದ್ಯೋಗಿಗಳು ಮನೋರೋಗಕ್ಕೆ ಗುರಿಯಾದರೆಂದು ಹೂಡಿದ ದಾವೆಯಲ್ಲಿ, 2020ರಲ್ಲಿ ಫೇಸ್‌ಬುಕ್ 5.2 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ನಾವೋ, ಅದೇ ಕೆಲಸವನ್ನು ಬಿಟ್ಟಿಯಾಗಿ, ಊಟದ ಹೊತ್ತಿನಲ್ಲಿ ಮಾಡುತ್ತಿದ್ದೇವೆ.

ಇಲ್ಲೊಂದು ಆಕ್ಷೇಪ ಬರುವುದು ಸಹಜ. ರಕ್ತ ಕಂಡರಾಗದ ನಾಡು ನಮ್ಮದೇನು? ರನ್ನನ ದುರ್ಯೋಧನ ಹೆಣಗಳ ನಡುವೆಯೇ ರಣರಂಗ ದಾಟುತ್ತಾನೆ. ದುಶ್ಶಾಸನನ ವಧೆ ನೋಡಲು ರಾತ್ರಿಯಿಡೀ ನಿದ್ದೆಗೆಟ್ಟು ಬಯಲಲ್ಲಿ ಕೂತವರು ನಾವು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಆಡಿದ್ದಾರೆ. ಭಯಾನಕವೂ ರಸ, ಬೀಭತ್ಸವೂ ರಸ. ಹಾಗಿದ್ದ ಮೇಲೆ ಮೊಬೈಲಿನ ರಕ್ತಕ್ಕೇಕೆ ಇಷ್ಟು ಗಲಾಟೆ?

ಉತ್ತರ ನಮ್ಮ ಕಾವ್ಯಮೀಮಾಂಸೆಯಲ್ಲೇ ಇದೆ. ಬೀಭತ್ಸ ರಸವೆನಿಸುವುದು ಕಾವ್ಯದಲ್ಲಿ, ರಂಗದಲ್ಲಿ. ಲೋಕದಲ್ಲಿ ಅದು ಬರೀ ಜುಗುಪ್ಸೆ, ಬರೀ ದುಃಖ. ರಂಗದ ಮೇಲಿನ ಶೋಕ ಇಂಥವನದೇ ಎಂಬ ಕಟ್ಟು ಕಳಚಿ ಎಲ್ಲರದೂ ಆದಾಗ ಅದನ್ನು ಸವಿಯಬಹುದು ಎಂದರು ಭಟ್ಟನಾಯಕ, ಅಭಿನವಗುಪ್ತರು. ಪಕ್ಕದ ಮನೆಯ ಸಾವನ್ನು ಸವಿಯಬಹುದೆಂದು ಅವರು ಹೇಳಲಿಲ್ಲ. ಕದನ, ಮರಣಗಳನ್ನು ಅಂಕದಲ್ಲಿ ನೇರವಾಗಿ ತೋರಿಸಬಾರದು, ಪ್ರವೇಶಕದಲ್ಲಿ ತಿಳಿಸಬೇಕು ಎಂಬ ಕಟ್ಟುಪಾಡು ನಾಟ್ಯಶಾಸ್ತ್ರದಲ್ಲಿದೆ. ನಮ್ಮ ಬಯಲಾಟದವರು ಅದಕ್ಕೆ ಸೊಪ್ಪು ಹಾಕಲಿಲ್ಲ, ಒಳ್ಳೆಯದೇ ಆಯಿತು. ಆದರೆ ಆಟದಲ್ಲಿ ಭೀಮ ಎದೆ ಬಗೆದ ಮೇಲೆ, ಬೆಳಗಿನ ಹೊತ್ತು ಅದೇ ದುಶ್ಶಾಸನ ಚೌಕಿಯಲ್ಲಿ ಕೂತು ಬಣ್ಣ ತೆಗೆದು ಕಾಫಿ ಕುಡಿಯುತ್ತಾನೆ. ನೋಡುವವರಿಗೂ ಅದು ಗೊತ್ತು, ಆ ಧೈರ್ಯದಲ್ಲೇ ಮೈಮರೆಯುತ್ತಾರೆ. ಮೊಬೈಲಿನಲ್ಲಿ ನೀವು ನೋಡಿದ ಮನುಷ್ಯ ಮತ್ತೆ ಏಳಲಿಲ್ಲ. ಅವನಿಗೆ ತಾಯಿ ಇದ್ದಾಳೆ. ಅವಳ ಕೈಯಲ್ಲೂ ಒಂದು ಮೊಬೈಲಿದೆ.

ಕೊಲ್ಲುವವನಿಗೆ ನಮ್ಮ ಕಣ್ಣು ಬೇಕು ಎಂಬುದನ್ನೂ ಮರೆಯಬಾರದು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ಮಸೀದಿಗಳಿಗೆ ನುಗ್ಗಿ 51 ಜನರನ್ನು ಕೊಂದವನು ಆ ಕೃತ್ಯವನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಫೇಸ್‌ಬುಕ್ ಹೇಳುವಂತೆ ನೇರಪ್ರಸಾರ ನೋಡಿದವರು ಇನ್ನೂರಕ್ಕಿಂತ ಕಡಿಮೆ. ಆದರೆ ಮೊದಲ 24 ಗಂಟೆಯಲ್ಲಿ ಆ ಸಂಸ್ಥೆ ತೆಗೆದುಹಾಕಿದ ಪ್ರತಿಗಳು 15 ಲಕ್ಷ. ಅವನ್ನೆಲ್ಲ ಹಾಕಿದ್ದು ಕೊಲೆಗಾರನಲ್ಲ. ಅವನು ಹಚ್ಚಿದ್ದನ್ನು ಹೊತ್ತು ತಿರುಗಿದವರು ಬೇರೆ ಜನ. ನ್ಯೂಜಿಲೆಂಡ್ ಆ ವಿಡಿಯೊ ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು, ಪ್ರಧಾನಿ ಜಸಿಂಡಾ ಆರ್ಡರ್ನ್ ಅವನ ಹೆಸರು ಎತ್ತುವುದಿಲ್ಲ ಎಂದರು.

ಅದು ದೂರದ ಮಾತು ಎನ್ನುವಿರಾದರೆ, 2018 ನೆನಪಿಸಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶದೊಂದಿಗೆ ಬೈಕ್ ಸವಾರರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಊರೂರು ಸುತ್ತಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಜಾಗೃತಿಗೆಂದು ಮಾಡಿದ ಕಿರುಚಿತ್ರ. ಕೊನೆಯಲ್ಲಿ ಮಗುವನ್ನು ಹಿಂದಿರುಗಿಸುವ ಭಾಗವನ್ನು ಯಾರೋ ಕತ್ತರಿಸಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದ ಹೈದರಾಬಾದಿನ ಗೆಳೆಯರ ಗುಂಪಿನಲ್ಲಿ ಒಬ್ಬರು ಹೆಣವಾದರು. ನೋಡಿ ನೋಡಿ ಕುದಿದ ಕಣ್ಣುಗಳು ಕೈಗೆ ಕಲ್ಲು ಕೊಟ್ಟವು. ಆಮೇಲೆ ಆ ಹೊಡೆತದ ವಿಡಿಯೊವೂ ಗುಂಪಿನಿಂದ ಗುಂಪಿಗೆ ಹೋಯಿತು. ಅದೇ ಜುಲೈಯಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ತಂದಿತು. ಮಿತಿಯನ್ನು ಕಂಪನಿಯೊಂದು ನಮಗೆ ಹೇಳಿಕೊಡಬೇಕಾಯಿತು.

ಹಾಗಾದರೆ ಕ್ಯಾಮೆರಾ ಮುಚ್ಚಿಡಬೇಕೆ? ಹಾಗೆಂದು ಹೇಳಲಾರೆ. 2023ರ ಮೇ 4ರಂದು ಮಣಿಪುರದಲ್ಲಿ ಹೆಣ್ಣುಮಕ್ಕಳನ್ನು ವಿವಸ್ತ್ರಗೊಳಿಸಿ ನಡೆಸಿದ ಘಟನೆ ದೇಶದ ಗಮನಕ್ಕೆ ಬಂದದ್ದು ಜುಲೈ 19ರಂದು ವಿಡಿಯೊ ಹೊರಬಿದ್ದಾಗ. ಮರುದಿನವೇ ಸುಪ್ರೀಂ ಕೋರ್ಟ್ ತಾನಾಗಿ ಪ್ರಶ್ನಿಸಿತು. ಎರಡೂವರೆ ತಿಂಗಳ ಮೌನವನ್ನು ಮುರಿದದ್ದು ಆ ವಿಡಿಯೊವೇ. ಇದು ನನ್ನನ್ನು ಇಂದಿಗೂ ತೊಡರಿಸುವ ಪ್ರಶ್ನೆ. ಆದರೂ ಒಂದು ಗೆರೆ ಕಾಣುತ್ತದೆ: ಸಾಕ್ಷ್ಯ ತಲುಪಬೇಕಾದ ಕಡೆ ತಲುಪಲಿ, ಪೊಲೀಸರಿಗೆ, ನ್ಯಾಯಾಲಯಕ್ಕೆ, ಮುಖ ಮರೆಸಿ ವರದಿ ಮಾಡಬಲ್ಲ ಪತ್ರಕರ್ತರಿಗೆ. ಬಂಧುಬಳಗದ ಗುಂಪಿನಿಂದ ಯಾವ ಹೆಣ್ಣಿಗೂ ನ್ಯಾಯ ಸಿಕ್ಕಿಲ್ಲ. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಬೀದಿಯಲ್ಲಿ ಸಿಕ್ಕಾಗ ನಮ್ಮ ನಾಡು ಏನು ಮಾಡಿತು? ಮುಖ ಮರೆಮಾಡದ ಆ ದೃಶ್ಯಗಳನ್ನು ಕೈಯಿಂದ ಕೈಗೆ ದಾಟಿಸಿತು. ಹಂಚುವುದು, ಇಟ್ಟುಕೊಳ್ಳುವುದು ಅಪರಾಧವೆಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ಅತ್ಯಾಚಾರಕ್ಕೊಳಗಾದವರ ಗುರುತು ಬಯಲುಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. ಕಾನೂನು ಗೊತ್ತಿಲ್ಲದಿದ್ದರೂ, ಅದರಲ್ಲಿರುವವರು ಯಾರದೋ ಅಮ್ಮ, ಯಾರದೋ ಅತ್ತಿಗೆ ಎಂಬುದು ಗೊತ್ತಿರಬೇಕಿತ್ತು.

ಬಂಧುಗಳೇ, ನನ್ನ ಕೋರಿಕೆ ದೊಡ್ಡದೇನಲ್ಲ. ಕಣ್ಣು ಅತ್ತ ಹೊರಳಿದ್ದಕ್ಕೆ ನಾಚಬೇಡಿ. ಹೊರಳಿದ ಕಣ್ಣನ್ನು ಅಲ್ಲೇ ನೆಡುವುದು, ನೋಡಿದ್ದನ್ನು ಇನ್ನೊಬ್ಬರ ಕಣ್ಣಿಗೆ ತುರುಕುವುದು, ಇವೆರಡು ನಿಮ್ಮ ಕೈಯಲ್ಲಿವೆ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ ಎಂಬಲ್ಲಿ ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ಇವತ್ತೇ ನಿಲ್ಲಿಸಿ. ಮೊಮ್ಮಕ್ಕಳು ಆಡುವ ಮೊಬೈಲಾದರೆ ಮೊದಲ ಕೆಲಸ ಇದೇ. ಗುಂಪಿನ ಹಿರಿಯರು ನೀವಾಗಿದ್ದರೆ, ಹಾಕಿದವನನ್ನು ಎಲ್ಲರೆದುರು ಗದರಬೇಡಿ. ‘ಅಪ್ಪಾ, ಇದನ್ನು ತೆಗೆದುಬಿಡು, ಸತ್ತವನ ಮನೆಯವರು ನೋಡಿಯಾರು’ ಎಂದು ಖಾಸಗಿಯಾಗಿ ಹೇಳಿ. ಬಹಳಷ್ಟು ಜನ ತೆಗೆಯುತ್ತಾರೆ. ವಾಹಿನಿಗಳ ಸಂಪಾದಕರೇ, ರಕ್ತಸಿಕ್ತ ದೇಹ, ಹಲ್ಲೆಯ ದೃಶ್ಯ ತೋರಿಸಬೇಡಿ ಎಂದು 2023ರ ಜನವರಿಯಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ನಿಮಗೆ ಸೂಚನೆ ಕಳಿಸಿತ್ತು, ಅದನ್ನೊಮ್ಮೆ ಮತ್ತೆ ಓದಿ.

ಇನ್ನುಳಿದದ್ದು ರಸ್ತೆಯ ಮಾತು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ಭಾಗವಾದ ಯುವಕ, ಊರಿಗೆ ಹೋಗಿ ಮತ ಹಾಕಿ ಮರಳುತ್ತಿದ್ದವನು, ನನ್ನ ಅಂಗಾಂಗ ದಾನ ಮಾಡಿ ಎಂದು ಬೇಡಿಕೊಂಡ. ಅವನ ಕಣ್ಣುಗಳು ಬೇರೆಯವರಿಗೆ ದೃಷ್ಟಿಯಾದವು. ಅವನು ಮಾತಾಡುತ್ತಿದ್ದಾಗ ಸುತ್ತ ಮೊಬೈಲುಗಳೂ ಎದ್ದಿದ್ದವು. ಆ ಸಾವಿನ ನಂತರ ರಾಜ್ಯ ಸರ್ಕಾರ ಅವನದೇ ಹೆಸರಿನಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ತಂದು, ಅಪಘಾತವಾದ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತವಾಗಿಸಿತು. ಮರುವರ್ಷ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಸೈಕಲ್ ಸವಾರ ಹುಡುಗ ರಕ್ತದ ಮಡುವಿನಲ್ಲಿ ನೆರವು ಕೇಳುತ್ತಿದ್ದಾಗ ಮತ್ತೆ ಅದೇ ಆಯಿತು, ಸುತ್ತ ನಿಂತವರು ವಿಡಿಯೊ ತೆಗೆದರು. ಹುಡುಗ ಉಳಿಯಲಿಲ್ಲ. ಅವರೆಲ್ಲ ಕಟುಕರೆಂದು ನಾನು ನಂಬುವುದಿಲ್ಲ. ಮುಟ್ಟಿದರೆ ಪೊಲೀಸ್ ಸ್ಟೇಷನ್ನು, ಕೋರ್ಟು ಅಲೆಯಬೇಕೆಂಬ ಹೆದರಿಕೆ ಬಹಳ ಜನರ ಕೈ ಕಟ್ಟಿಹಾಕುತ್ತದೆ. ಕೈ ಕಟ್ಟಿದಾಗ ಕಣ್ಣು ಮಾತ್ರ ಉಳಿಯುತ್ತದೆ.

ಆ ಹೆದರಿಕೆಗೆ ಈಗ ಆಧಾರವಿಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಇದೇ ರಕ್ಷಣೆ ಕೊಡುವ 134-ಎ ಸೆಕ್ಷನ್ ಸೇರಿದೆ. ಮುಂದಿನ ಸಲ ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಮೊಬೈಲ್ ಖಂಡಿತ ಹೊರತೆಗೆಯಿರಿ, 108ಕ್ಕೋ 112ಕ್ಕೋ ಕರೆ ಮಾಡಿ. ಆಸ್ಪತ್ರೆಗೆ ಕರೆದೊಯ್ದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.