ವಡೆಗೆ ನಿಂತವರು, ದೇವರನ್ನು ನೋಡದೆ ಹೋದವರು

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆ ನಡೆದದ್ದು 2023ರ ಮಾರ್ಚ್ 12ರಂದು. 118 ಕಿಲೋಮೀಟರ್ ರಸ್ತೆ, ಸುಮಾರು 8,480 ಕೋಟಿ ರೂಪಾಯಿ ಖರ್ಚು. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತದೆ ಎಂದು ಅಂದು ಸಾರಿದರು. ಸಮಾರಂಭಕ್ಕೆ ಪೆಂಡಾಲು ಎದ್ದಿದ್ದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಹೊಸ ರಸ್ತೆಯಿಂದ ಹೊಟ್ಟೆಪಾಡಿಗೆ ಪೆಟ್ಟು ಬೀಳಲಿದ್ದ ಊರಿನ ಪಕ್ಕದಲ್ಲೇ ಜೈಕಾರ ಕೇಳಿಸಿತು. ಇದನ್ನು ವ್ಯಂಗ್ಯ ಅನ್ನಬೇಕೋ ಸರ್ಕಾರಿ ವಾಸ್ತುಶಾಸ್ತ್ರ ಅನ್ನಬೇಕೋ ಗೊತ್ತಿಲ್ಲ.

ಆಮೇಲೆ ಆದದ್ದು ಎಲ್ಲರಿಗೂ ತಿಳಿದ ಕಥೆ. ಕಾರುಗಳು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಪಕ್ಕಕ್ಕೆ ಬಿಟ್ಟು ಹಾರಿಹೋದವು. ಹಳೆ ಹೆದ್ದಾರಿಯ ವಡೆ ಅಂಗಡಿ, ಬೊಂಬೆ ಅಂಗಡಿ, ಎಳನೀರಿನ ತಳ್ಳುಗಾಡಿಗಳ ಮುಂದೆ ಗಿರಾಕಿ ಕಮ್ಮಿಯಾದರು. ಕೆಲವರು ಬಾಗಿಲು ಹಾಕಿದರು, ಕೆಲವರು ಕೆಲಸದವರನ್ನು ಕಮ್ಮಿ ಮಾಡಿದರು. ಇದಕ್ಕಾಗಿ ಹೊಸ ರಸ್ತೆಯನ್ನು ಬೈಯುವುದು ಸುಲಭ. ಆದರೆ ಹಳೆ ರಸ್ತೆ ಹೇಗಿತ್ತು ಎಂಬುದನ್ನೂ ನೆನೆಯಬೇಕು. ಶನಿವಾರ ಭಾನುವಾರ ಬಂತೆಂದರೆ ಊರ ನಡುವೆ ಬಂಪರಿಗೆ ಬಂಪರು ತಾಗಿ ನಿಲ್ಲುತ್ತಿದ್ದ ಕಾರುಗಳು, ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟುತ್ತಿದ್ದ ಶಾಲೆ ಮಕ್ಕಳು, ರಾತ್ರಿಯೆಲ್ಲ ಲಾರಿಗಳ ಹಾರ್ನು. ಅದು ಮತ್ತೆ ಬೇಕು ಎಂದು ಮದ್ದೂರಿನಲ್ಲಿ ಯಾರೂ ಕೇಳಲಾರರು. ಅಂಗಡಿಯವರಿಗೆ ಬೇಕಿರುವುದು ಗಿರಾಕಿ, ಹಾರ್ನಲ್ಲ.

ಮದ್ದೂರು ವಡೆ ಹುಟ್ಟಿದ್ದೇ ಒಂದು ನಿಲುಗಡೆಯಿಂದ. ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದದ್ದು 1882ರಲ್ಲಿ. ಉಗಿಬಂಡಿಯ ಕಾಲ, ರೈಲು ನಿಂತಷ್ಟು ಹೊತ್ತು ಪ್ಲಾಟ್‌ಫಾರಂ ಮೇಲೆ ವ್ಯಾಪಾರ. ಕುಂದಾಪುರದ ಕಡೆಯಿಂದ ಬಂದಿದ್ದ ರಾಮಚಂದ್ರ ಬುದ್ಯ ಎಂಬುವರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದರಂತೆ. 1917ರ ಒಂದು ದಿನ ರೈಲು ಬಂದೇಬಿಟ್ಟಿತು, ಪಕೋಡ ಕರಿದು ಮುಗಿದಿರಲಿಲ್ಲ. ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು, ತೆಳ್ಳಗಿದ್ದದ್ದು ಬೇಗ ಬೆಂದಿತು. ಕಥೆಯ ವಿವರಗಳು ಹೇಳುವವರ ಬಾಯಲ್ಲಿ ಅಷ್ಟಿಷ್ಟು ಬದಲಾಗುತ್ತವೆ, ಅದು ಇರಲಿ. ಚಿರೋಟಿ ರವೆ, ಅಕ್ಕಿ ಹಿಟ್ಟು, ಮೈದಾ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿದ ಈ ವಡೆಗೆ ಹಲವು ಅನುಕೂಲಗಳಿದ್ದವು. ನೆನೆಸಿ ರುಬ್ಬುವ ಕೆಲಸವಿಲ್ಲ, ಕಾಗದದಲ್ಲಿ ಸುತ್ತಿದರೆ ಸೋರುವುದಿಲ್ಲ, ಚಟ್ನಿ ಇಲ್ಲದೆಯೂ ನಡೆಯುತ್ತದೆ, ಸಂಜೆಯವರೆಗೂ ಕೆಡುವುದಿಲ್ಲ. ರೈಲಿನ ಹೊತ್ತಿಗೆ ತಕ್ಕಂತೆ ಹುಟ್ಟಿದ ತಿಂಡಿ ಬಸ್ಸಿನ ಕಾಲಕ್ಕೆ ಹೊಂದಿಕೊಂಡಿತು, ಕಾರಿನ ಕಾಲದಲ್ಲಿ ಕೊಬ್ಬಿತು. ಈಗ ಯಾರೂ ನಿಲ್ಲದ ಕಾಲ ಬಂದಿದೆ.

ಅಷ್ಟು ವರ್ಷ ನಿಂತರಲ್ಲ, ಆ ಜನಕ್ಕೆ ನಾವು ತೋರಿಸಿದ್ದಾದರೂ ಏನು? ನನ್ನ ತಕರಾರು ಇರುವುದು ಇಲ್ಲಿ. ಊಟದ ಕೌಂಟರು, ಪಾರ್ಕಿಂಗು, ಶೌಚಾಲಯದ ಬಾಣದ ಗುರುತು ತೋರಿಸಿದೆವು. ಹೆದ್ದಾರಿಯಿಂದ ಊರೊಳಕ್ಕೆ ಸ್ವಲ್ಪ ನಡೆದರೆ ಹೊಯ್ಸಳರ ಕಾಲದ ಉಗ್ರನರಸಿಂಹನ ಗುಡಿ ಇದೆ. ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಕೆಡವಿಕೊಂಡ ಎಂಟು ಕೈಗಳ ಆ ಮೂರ್ತಿಯ ಮುಂದೆ ಭಕ್ತನಲ್ಲದವನೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಅಲ್ಲೇ ವರದರಾಜಸ್ವಾಮಿಯ ಗುಡಿಯೂ ಉಂಟು. ಅಲ್ಲಾಳನಾಥ ಎಂದು ಕರೆಸಿಕೊಳ್ಳುವ ಈ ದೇವರು ಸುಮಾರು ಹನ್ನೆರಡು ಅಡಿ ಎತ್ತರ. ಶಿಲ್ಪಿ ಮೂರ್ತಿಯ ಬೆನ್ನನ್ನೂ ಮುಂಭಾಗದಷ್ಟೇ ಶ್ರದ್ಧೆಯಿಂದ ಕೆತ್ತಿದ್ದಾನೆ. ಎಲ್ಲ ದೇವರ ಮುಂದೆ ನೋಡು, ಅಲ್ಲಾಳನಾಥನ ಹಿಂದೆ ನೋಡು ಎಂಬ ಹಳಬರ ಮಾತು ಹುಟ್ಟಿದ್ದು ಅದಕ್ಕೆ. ಇಂಥ ಗಾದೆ ಇರುವ ಊರು ತನ್ನ ಪ್ರಚಾರಕ್ಕೆ ಬೇರೆ ಜಾಹೀರಾತು ಬರೆಯಬೇಕಿತ್ತೇ? ಆದರೂ ಐವತ್ತು ವರ್ಷದಿಂದ ಅಲ್ಲಿ ವಡೆ ತಿಂದು ಬಂದ ಬೆಂಗಳೂರಿನವರಲ್ಲಿ ಅಲ್ಲಾಳನಾಥನ ಬೆನ್ನು ಕಂಡವರನ್ನು ಬೆರಳಲ್ಲಿ ಎಣಿಸಬಹುದು.

ಊರಿನ ಚರಿತ್ರೆಯೂ ದಾರಿಯ ಚರಿತ್ರೆಯೇ. 1791ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೊರಟ ಕಾರ್ನ್‌ವಾಲಿಸ್ ಇಲ್ಲಿನ ಕೋಟೆಯನ್ನು ಕೆಡವಿಸಿದ. ಊರಂಚಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಧ್ವಜ ಹಾರಿಸಕೂಡದೆಂಬ ನಿಷೇಧಾಜ್ಞೆಯಿದ್ದರೂ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಸಾವಿರಾರು ಜನ ನೆರೆದು ತ್ರಿವರ್ಣ ಧ್ವಜ ಏರಿಸಿದರು, ಬಂಧನಕ್ಕೂ ಒಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಮೈಸೂರು ಸಂಸ್ಥಾನದ ಸ್ವಾತಂತ್ರ್ಯ ಚಳವಳಿಗೆ ಕಾವೇರಿದ್ದು ಈ ಎರಡು ಊರುಗಳಲ್ಲಿ. ಶಿವಪುರದ ಸತ್ಯಾಗ್ರಹ ಸೌಧ ರಸ್ತೆ ಬದಿಯಲ್ಲೇ ನಿಂತಿದೆ. ಏಪ್ರಿಲ್‌ನಲ್ಲೂ ಆಗಸ್ಟ್ ಹದಿನೈದಕ್ಕೂ ಮಂತ್ರಿಗಳು ಬಂದು ಹಾರ ಹಾಕುವುದು ಸರಿಯೇ. ಉಳಿದ ದಿನ ಮಗುವಿನ ಕೈ ಹಿಡಿದು ಬಂದ ತಂದೆತಾಯಿಗೆ ಅಲ್ಲಿ ಆ ಸತ್ಯಾಗ್ರಹದ ಕಥೆಯನ್ನು ಯಾರು ಹೇಳಬೇಕು?

ದಾರಿಹೋಕರನ್ನೇ ನಂಬಿ ಕೂತ ವ್ಯಾಪಾರಕ್ಕೂ ನಂಬದ ವ್ಯಾಪಾರಕ್ಕೂ ಇರುವ ಅಂತರ ಮದ್ದೂರಿನಲ್ಲೇ ಕಾಣುತ್ತದೆ. ಇಲ್ಲಿನ ಎಳನೀರು ಮಾರುಕಟ್ಟೆಯಿಂದ ಲೋಡುಗಟ್ಟಲೆ ಕಾಯಿ ಮುಂಬಯಿ, ದಿಲ್ಲಿಗಳಿಗೆ ಹೋಗುತ್ತದೆ. ಕಾರು ನಿಲ್ಲಲಿ ಬಿಡಲಿ, ಬೇಸಿಗೆ ಬಂದರೆ ಅದಕ್ಕೆ ಸುಗ್ಗಿ. ಚನ್ನಪಟ್ಟಣದ ಬೊಂಬೆಯವರಿಗೂ ಒಂದಿಷ್ಟು ಆಸರೆ ಇದೆ. 1904ರ ಸುಮಾರಿಗೆ ಬಾವಾಸ್ ಮಿಯಾ ಜಪಾನಿನ ಅರಗಿನ ಕೆಲಸವನ್ನು ಕಲಿತು ತಂದ ಮೇಲೆ ಆಲೆ ಮರದ ಬೊಂಬೆಗೆ ಹೊಳಪು ಬಂತೆನ್ನುತ್ತಾರೆ. ಆಮೇಲೆ ಭೌಗೋಳಿಕ ಸೂಚಕದ ಮುದ್ರೆಯೂ ಸಿಕ್ಕಿ ಆ ಹೆಸರು ಚನ್ನಪಟ್ಟಣಕ್ಕೇ ಕಟ್ಟುಬಿತ್ತು. ವಡೆಯ ಕಥೆ ಬೇರೆ. ಬೆಂಗಳೂರಿನ ಬೇಕರಿ ಬೇಕರಿಯಲ್ಲೂ ಮದ್ದೂರು ವಡೆ ಸಿಗುತ್ತದೆ, ಅದರ ಒಂದು ಪೈಸೆಯೂ ಮದ್ದೂರಿಗೆ ಬರುವುದಿಲ್ಲ. ಮನೆಯ ಪಕ್ಕದಲ್ಲೇ ವಡೆ ಸಿಗುವಾಗ ಬರೀ ವಡೆಗಾಗಿ ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವಿಸ್ ರಸ್ತೆಗೆ ಇಳಿಯಿರಿ ಎಂದರೆ ಯಾರು ಇಳಿಯುತ್ತಾರೆ? ಇಳಿಯಲು ಇನ್ನೊಂದು ಕಾರಣ ಬೇಕು.

ಆ ಕಾರಣ ಊರಲ್ಲೇ ಇದೆ. ಮದ್ದೂರಿಗೆ ಇಳಿಯುವಲ್ಲಿನ ಫಲಕದಲ್ಲಿ ನರಸಿಂಹ, ಅಲ್ಲಾಳನಾಥ, ಶಿವಪುರ ಮೂರೂ ಇರಲಿ. ತಾಲ್ಲೂಕಿನಲ್ಲೇ ಇರುವ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳೂ ಆರೆತಿಪ್ಪೂರಿನ ಬಾಹುಬಲಿಯೂ ಜೊತೆಗೆ ಸೇರಲಿ. ಹೊಸ ರಸ್ತೆಯ ಬದಿ ಕಟ್ಟುವ ವಿಶ್ರಾಂತಿ ತಾಣಗಳಲ್ಲಿ ಬರ್ಗರ್ ಕಂಪನಿಗಳಿಗೆ ಜಾಗ ಕೊಡುವ ಮೊದಲು ಹಳೆ ಹೆದ್ದಾರಿಯಲ್ಲಿ ಗಿರಾಕಿ ಕಳೆದುಕೊಂಡವರಿಗೆ ಮಳಿಗೆ ಮೀಸಲಿಡಲಿ. ಬಾಡಿಗೆಯೂ ಅವರ ಕೈಗೆ ಎಟುಕುವಂತಿರಬೇಕು; ಇಲ್ಲದಿದ್ದರೆ ಮೀಸಲು ಕಾಗದದ ಮೇಲೆ ಉಳಿಯುತ್ತದೆ. ಇನ್ನು ಹಳೆ ಹೆದ್ದಾರಿ ಈಗ ಸ್ವಲ್ಪ ಬಿಡುವಾಗಿದೆ. ಅದರ ಪಕ್ಕ ನೆರಳಿನ ಮರ, ನಡೆಯಲು ಕಾಲುದಾರಿ ಆಗಬೇಕಾದ ಹೊತ್ತು ಇದು. ಆ ಜಾಗದಲ್ಲಿ ಇನ್ನೊಂದು ಕಲ್ಯಾಣ ಮಂಟಪ ಎದ್ದರೆ ಮುಗಿಯಿತು.

ಹೆದ್ದಾರಿ ಪ್ರಾಧಿಕಾರ, ಊರಿನ ಆಡಳಿತ, ಪ್ರವಾಸೋದ್ಯಮ ಇಲಾಖೆ ಎಂದು ಅರ್ಜಿ ಹಿಡಿದು ಅಲೆಯುವುದು ಇದ್ದದ್ದೇ. ಅದು ಆಗುವಾಗ ಆಗಲಿ. ವಡೆ ಕಟ್ಟಿಕೊಡುವ ಪೊಟ್ಟಣದ ಮೇಲೆ ಅಲ್ಲಾಳನಾಥನ ಗುಡಿಗೆ ಹೋಗುವ ದಾರಿಯ ಗುರುತು ಅಚ್ಚು ಹಾಕಿಸಲು ಮಾತ್ರ ಯಾವ ಇಲಾಖೆಯ ಅಪ್ಪಣೆಯೂ ಬೇಕಿಲ್ಲ. ಅಂಗಡಿಯವರು ಈ ವಾರವೇ ಮಾಡಿಸಬಹುದು. ಗುಡಿಯ ಬಾಗಿಲು ತೆಗೆಯುವ ಹೊತ್ತನ್ನೂ ಅದರಲ್ಲೇ ಹಾಕಿಸಿದರೆ ಒಳ್ಳೆಯದು, ಬಂದವರು ಬೀಗ ನೋಡಿಕೊಂಡು ವಾಪಸು ಹೋಗುವುದು ತಪ್ಪುತ್ತದೆ.