ದಂತವೈದ್ಯವೂ ಸ್ತ್ರೀಯರೂ

ಹಲ್ಲು ಕೀಳುವುದಕ್ಕೆ ಗಂಡಸಿನ ತೋಳೇ ಬೇಕೆಂಬ ವಾದವು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಯಂತ್ರಗಳಲ್ಲೆಲ್ಲ ಪ್ರಧಾನವಾದುದು ಕೈ ಎಂದು ಸುಶ್ರುತನು ಹೇಳಿದನು, ತೋಳೆಂದು ಹೇಳಲಿಲ್ಲ. ಅಮೆರಿಕೆಯ ಲೂಸಿ ಹಾಬ್ಸ್ ಎಂಬಾಕೆಯನ್ನು ಓಹಾಯೋ ದಂತವೈದ್ಯ ಕಾಲೇಜು ಮೊದಲು ಹೆಣ್ಣೆಂದು ಹೊರಗಿಟ್ಟು, 1866ರಲ್ಲಿ ತಾನೇ ಪದವಿಯನ್ನಿತ್ತಿತು. ಅಷ್ಟರಲ್ಲಿ ಆಕೆಯ ತೋಳು ಬಲಿಯಿತೆ? ಕಲ್ಕತ್ತೆಯಲ್ಲಿ ಕಲಿತ ಫಾತಿಮಾ ಜಿನ್ನಾ 1923ರಲ್ಲಿಯೇ ಮುಂಬಯಿಯಲ್ಲಿ ದಂತಚಿಕಿತ್ಸಾಲಯವನ್ನು ತೆರೆದರು.

ಇಂದು ಶೆಟ್ಟಿಹಳ್ಳಿಯ ಕನ್ಯೆಗೆ ಕಲ್ಕತ್ತೆಯ ದೂರವಿಲ್ಲ. ತುಮಕೂರಿನಲ್ಲಿಯೇ ಶ್ರೀ ಸಿದ್ಧಾರ್ಥ ದಂತವೈದ್ಯ ಕಾಲೇಜಿದೆ. ಕಾಲೇಜಿನ ಬಾಗಿಲು ತೆರೆದಿರುವಾಗ ಮನೆಯ ಬಾಗಿಲನ್ನು ಮುಚ್ಚುವುದು ಯಾವ ನ್ಯಾಯ? ಪದವಿಯನ್ನು ಲಗ್ನಪತ್ರಿಕೆಯಲ್ಲಿ ಅಚ್ಚುಹಾಕಿಸಿ, ಮದುವೆಯಾದೊಡನೆ ಉಪಕರಣಗಳನ್ನು ಪೆಟ್ಟಿಗೆಗೆ ಸೇರಿಸುವ ಮನೆತನಗಳು ವಿದ್ಯೆಯನ್ನು ಒಡವೆಯೆಂದೇ ಬಗೆದಿವೆ. ಸೊಸೆಯ ಚಿಕಿತ್ಸಾಲಯಕ್ಕೆ ತಾವೇ ನಿಂತು ಫಲಕ ಹಾಕಿಸುವುದು ಅಂತಹ ಮನೆಗಳ ಹಿರಿಯರ ಧರ್ಮ.