ಗೋಡೆಯ ಹಲಗೆಯ ಮೇಲೊಂದು ರೈಲು ನಿಲ್ದಾಣ



ಕುಣಿಗಲ್ಲಿನ ಗೃಹಸ್ಥರೊಬ್ಬರು ಈ ಅಂಕಣಕ್ಕೆ ಪತ್ರ ಬರೆದು ಒಂದು ಪ್ರಶ್ನೆಯನ್ನು ಕೇಳಿದ್ದಾರೆ. ತುಮಕೂರಿನಲ್ಲಿ ಓದುತ್ತಿರುವ ಅವರ ಮಗನಿಗೆ ಒಂದು ಹಂಬಲ. ಮನೆಯ ಗೋಡೆಗೆ ಆರು ಅಡಿ ಉದ್ದದ ಹಲಗೆಯೊಂದನ್ನು ಹಾಕಿ, ಅದರ ಮೇಲೆ ಮೀಟರ್ ಗೇಜ್ ಕಾಲದ ಗುಬ್ಬಿ ನಿಲ್ದಾಣವನ್ನು ಹೋಲುವ ಪುಟ್ಟ ಮಾದರಿಯನ್ನು ಕಟ್ಟಬೇಕು. ಅದರಲ್ಲಿ ಪುಟ್ಟ ರೈಲುಡಬ್ಬಿಗಳು ಓಡಾಡಬೇಕು. ಹುಡುಗನ ತಾತ ಆ ಮಾರ್ಗದಲ್ಲಿ ಪಾಯಿಂಟ್ಸ್‌ಮನ್ ಆಗಿ ದುಡಿದು ನಿವೃತ್ತರಾದವರು. ಈಗ ಎಂಬತ್ತು ದಾಟಿದ್ದಾರೆ. ‘ಓದುವ ವಯಸ್ಸಿನಲ್ಲಿ ಇದು ಆಟಿಕೆಯ ಹುಚ್ಚಲ್ಲವೇ? ಕಾಯಕವನ್ನು ನಂಬಿದ ಮನೆಯಲ್ಲಿ ಇಂಥದಕ್ಕೆ ಕಾಲವನ್ನೂ ಹಣವನ್ನೂ ಕೊಡಬಹುದೇ?’ ಎಂಬುದು ತಂದೆಯ ಪ್ರಶ್ನೆ.

ಪ್ರಶ್ನೆ ಸಣ್ಣದೆಂದು ತೋರಿದರೂ ಉತ್ತರ ಅಷ್ಟು ಸುಲಭವಲ್ಲ. ಮೊದಲು ಆ ಹುಡುಗ ಕಟ್ಟಬೇಕೆಂದಿರುವುದು ಏನು ಎಂಬುದನ್ನು ತಿಳಿಯೋಣ. ಆಮೇಲೆ ಅದು ತಕ್ಕುದೋ ಅಲ್ಲವೋ ಎಂಬುದನ್ನು ವಿಚಾರಿಸೋಣ.

ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ ತುಮಕೂರನ್ನೂ ಗುಬ್ಬಿಯನ್ನೂ ಮುಟ್ಟಿದ್ದು 1884ರಲ್ಲಿ. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದೂ ಅದೇ ವರ್ಷದಲ್ಲಿ ಎಂಬುದು ಆ ಊರಿನವರಿಗೆ ಹೆಮ್ಮೆಯ ಸಂಗತಿ. 1889ರ ಹೊತ್ತಿಗೆ ಹಳಿ ಹರಿಹರದವರೆಗೆ ಸಾಗಿತು. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಈ ಮಾರ್ಗ ಬ್ರಾಡ್ ಗೇಜ್ ಆಯಿತು. ಒಂದು ಮೀಟರ್ ಅಗಲದ ಹಳಿ ಹೋಗಿ ಐದೂವರೆ ಅಡಿ ಅಗಲದ ಹಳಿ ಬಂದಿತು. ಈಚೆಗೆ ಅದರ ಮೇಲೆ ವಿದ್ಯುತ್ ತಂತಿಯೂ ಬಂದಿದೆ. ಕುಣಿಗಲ್ಲಿನವರಿಗಾದರೋ ತಮ್ಮೂರಿನಲ್ಲಿ ರೈಲು ಹತ್ತುವ ಭಾಗ್ಯ ಬಂದದ್ದು 2017ರಲ್ಲಿ, ಬೆಂಗಳೂರು–ಹಾಸನ ಮಾರ್ಗ ಪೂರ್ಣಗೊಂಡಾಗ. ಆದ್ದರಿಂದ ಕುಣಿಗಲ್ಲಿನ ಮಕ್ಕಳು ಕಂಡಿರುವುದು ಹೊಸ ರೈಲನ್ನು ಮಾತ್ರ. ಹಳೆಯ ರೈಲು ಉಳಿದಿರುವುದು ತಾತಂದಿರ ನೆನಪಿನಲ್ಲಿ.

ಈ ನೆನಪು ಎಂಥದು? ಒಂಟಿಹಳಿಯ ಮಾರ್ಗದಲ್ಲಿ ಎದುರುಬದುರಾಗಿ ಎರಡು ಗಾಡಿಗಳು ಬಾರದಂತೆ ಕಾಯುವುದು ಸಾಮಾನ್ಯ ಕೆಲಸವಲ್ಲ. ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಂದು ಸಲಕ್ಕೆ ಒಂದೇ ಟೋಕನ್. ಅನೇಕ ಕಡೆ ಅದು ಉಕ್ಕಿನ ಗುಂಡು. ಅದನ್ನು ಚೀಲದಲ್ಲಿರಿಸಿ, ಬಳೆಯಾಕಾರದ ದೊಡ್ಡ ಹಿಡಿಕೆಗೆ ಕಟ್ಟಿ ಚಾಲಕನ ಕೈಗೆ ಕೊಡುತ್ತಿದ್ದರು. ಒಂದು ನಿಲ್ದಾಣದ ಯಂತ್ರದಿಂದ ಗುಂಡು ಹೊರಬಂದರೆ, ಅದು ಎರಡರಲ್ಲೊಂದು ಯಂತ್ರಕ್ಕೆ ಮರಳಿ ಸೇರುವವರೆಗೆ ಇನ್ನೊಂದು ಗುಂಡು ಬಾರದು. ಗುಂಡಿಲ್ಲದೆ ಚಾಲಕ ಹೊರಡುವಂತಿಲ್ಲ. ಕೈಮರ ಬಾಗುವುದು, ಹಳಿಯ ಮುಳ್ಳು ಬದಲಾಗುವುದು, ದೂರದಿಂದಲೇ ತಂತಿ ಎಳೆಯುವ ಸನ್ನೆಕೋಲು, ರಾತ್ರಿಯ ಲಾಂದ್ರ, ಇವೆಲ್ಲವೂ ಪಾಯಿಂಟ್ಸ್‌ಮನ್ನನ ಎಚ್ಚರವನ್ನು ಆಶ್ರಯಿಸಿದ್ದವು. ನಿಲ್ದಾಣದ ಕಟ್ಟಡದ ಚಿತ್ರ ಎಲ್ಲಿಯಾದರೂ ದೊರೆತೀತು. ಯಾವ ಹಳಿಯ ಮೇಲೆ ಗೂಡ್ಸ್ ಡಬ್ಬಿ ನಿಲ್ಲುತ್ತಿತ್ತು, ತೆಂಗು ಅಡಿಕೆಯ ಮೂಟೆಗಳು ಎಲ್ಲಿ ಕಾಯುತ್ತಿದ್ದವು, ಮಳೆಯಲ್ಲಿ ಸನ್ನೆಕೋಲು ಹೇಗೆ ಬಿಗಿಯಾಗುತ್ತಿತ್ತು ಎಂಬುದನ್ನು ಹೇಳಬಲ್ಲವರು ಅಲ್ಲಿ ದುಡಿದವರೇ. ಅವರು ನಮ್ಮ ಮನೆಗಳ ಜಗುಲಿಯ ಮೇಲೆ ಕುಳಿತಿದ್ದಾರೆ. ಅವರನ್ನು ಕೇಳುವವರು ಕಡಿಮೆ.

ಆದ್ದರಿಂದ ಹುಡುಗನಿಗೆ ಹೇಳುವ ಮೊದಲ ಮಾತು ಇದು: ಅಂಗಡಿಗೆ ಹೋಗುವುದಕ್ಕಿಂತ ಮುಂಚೆ ತಾತನ ಬಳಿ ಕುಳಿತುಕೊಳ್ಳಬೇಕು. ದೊಡ್ಡ ಕಾಗದವೊಂದನ್ನು ಹಾಸಿ, ಅವರ ಕೈಗೆ ಪೆನ್ಸಿಲು ಕೊಡಬೇಕು. ಗೆರೆ ಸೊಟ್ಟಗಿರಲಿ, ಅಳತೆ ತಪ್ಪಿರಲಿ. ಹಳಿ ಎಲ್ಲಿ ಕವಲೊಡೆಯಿತು ಎಂಬುದನ್ನು ಅವರೇ ಬರೆಯಲಿ. ಹೇಳಿದ ಮಾತನ್ನು ಬದಿಯಲ್ಲಿ ದಿನಾಂಕ ಸಹಿತ ಗುರುತು ಮಾಡಿಕೊಳ್ಳಲಿ. ಅದಾದ ಮೇಲೆ ಗುಬ್ಬಿಗೆ ಹೋಗಿ, ಪ್ಲಾಟ್‌ಫಾರಂ ಟಿಕೆಟ್ ಪಡೆದು, ಹಳಿಗೆ ಇಳಿಯದೆ, ಕಂಡದ್ದನ್ನು ಹೆಜ್ಜೆಯ ಅಳತೆಯಲ್ಲಿ ಬರೆದುಕೊಂಡು ಬರಲಿ. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯವನ್ನೂ ನೋಡಿ ಬರಬಹುದು. ಹಳೆಯ ಗಾಲಿ, ಕೊಂಡಿ, ಕೈಮರಗಳನ್ನು ಹತ್ತಿರದಿಂದ ಕಾಣಲು ನಮ್ಮ ನಾಡಿನಲ್ಲಿ ಅದು ಒಳ್ಳೆಯ ಸ್ಥಳ. ಮೀಟರ್ ಗೇಜ್ ಎಂಜಿನ್ನುಗಳ ಹೆಸರು ‘ವೈ’ ಅಕ್ಷರದಿಂದ ಆರಂಭವಾಗುತ್ತದೆ. ವೈ.ಪಿ. ಎಂದರೆ ಪ್ರಯಾಣಿಕರ ಗಾಡಿ ಎಳೆಯುವ ಉಗಿ ಎಂಜಿನ್, ವೈ.ಜಿ. ಎಂದರೆ ಗೂಡ್ಸ್ ಎಳೆಯುವುದು. ಇಷ್ಟು ತಿಳಿದರೆ ಚಿತ್ರಗಳನ್ನು ಓದಲು ಬರುತ್ತದೆ.

ಇನ್ನು ಅಳತೆ. ರೈಲು ಮಾದರಿ ಮಾಡುವವರಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪ್ರಮಾಣ ಎಂಬತ್ತೇಳರಲ್ಲಿ ಒಂದು ಭಾಗ, ಎಚ್.ಓ. ಎಂದು ಅದರ ಹೆಸರು. ಈ ಲೆಕ್ಕದಲ್ಲಿ ಆರು ಅಡಿಯ ಹಲಗೆ ನಿಜವಾದ ನೆಲದ ಸುಮಾರು 160 ಮೀಟರಿಗೆ ಸಮ. ಇಂದಿನ ಉದ್ದದ ಗೂಡ್ಸ್ ಗಾಡಿ ನಿಲ್ಲುವ ಹಳಿ ಸುಮಾರು 700 ಮೀಟರ್ ಇರುತ್ತದೆ. ಅದನ್ನು ಇದೇ ಪ್ರಮಾಣದಲ್ಲಿ ಇಳಿಸಿದರೂ 26 ಅಡಿಯಷ್ಟು ಗೋಡೆ ಬೇಕು! ಅಷ್ಟು ಗೋಡೆ ನಮ್ಮ ಮನೆಗಳಲ್ಲಿ ಎಲ್ಲಿದೆ? ಆದ್ದರಿಂದ ಇಡೀ ನಿಲ್ದಾಣವನ್ನು ಹಿಂಡಿ ಹಲಗೆಗೆ ತುಂಬಲು ಹೋಗಬಾರದು. ಹಾಗೆ ಮಾಡಿದರೆ ಎಲ್ಲವೂ ಇದ್ದು ಯಾವುದೂ ಕಾಣದಂತಾಗುತ್ತದೆ. ಒಂದು ಮೂಲೆಯನ್ನು ಆರಿಸಿಕೊಳ್ಳಬೇಕು. ತಾತ ಹೆಚ್ಚು ಹೊತ್ತು ನಿಂತು ದುಡಿದ ಗೂಡ್ಸ್ ಹಳಿಗಳ ಮೂಲೆಯೇ ಸಾಕು. ಏನನ್ನು ಬಿಡಬೇಕೆಂದು ತಿಳಿಯುವುದೇ ಈ ಕೆಲಸದ ಅರ್ಧ ವಿದ್ಯೆ.

ಚಿಕ್ಕ ಹಲಗೆಗೆ ಒಪ್ಪುವ ಹಳಿಯ ವಿನ್ಯಾಸವೊಂದನ್ನು ಇಂಗ್ಲೆಂಡಿನ ಅಲನ್ ರೈಟ್ ಎಂಬವರು ರೂಪಿಸಿ ಪ್ರಸಿದ್ಧಿಗೆ ತಂದರು. ‘ಇಂಗಲ್‌ನುಕ್’ ಎಂದು ಅದನ್ನು ಕರೆಯುತ್ತಾರೆ. ಮೂರು ಕವಲುಹಳಿಗಳು, ಎರಡೇ ಮುಳ್ಳುಗಳು. ಒಂದು ಕವಲಿನಲ್ಲಿ ಐದು ಡಬ್ಬಿ, ಉಳಿದೆರಡರಲ್ಲಿ ಮೂರು ಮೂರು ಡಬ್ಬಿ ಹಿಡಿಯುತ್ತವೆ. ಮುಂದಿನ ಹಳಿಯಲ್ಲಿ ಎಂಜಿನ್ನಿನೊಡನೆ ಮೂರು ಡಬ್ಬಿಗೆ ಸ್ಥಳ. ಒಟ್ಟು ಎಂಟು ಡಬ್ಬಿಗಳು. ಆಟವಿಷ್ಟೇ: ಎಂಟು ಚೀಟಿಗಳಿಂದ ಐದನ್ನು ಎತ್ತಿ, ಎತ್ತಿದ ಕ್ರಮದಲ್ಲಿಯೇ ಆ ಐದು ಡಬ್ಬಿಗಳನ್ನು ಜೋಡಿಸಿ ಗಾಡಿ ಕಟ್ಟಬೇಕು. ಹೀಗೆ ಬರಬಹುದಾದ ಕ್ರಮಗಳು 6720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷ ಹೊಸ ಲೆಕ್ಕ! ನಾಲ್ಕು ಗಾಲಿಯ ಡಬ್ಬಿಯೊಂದು ಈ ಪ್ರಮಾಣದಲ್ಲಿ ಕೊಂಡಿಯೂ ಸೇರಿ ಸುಮಾರು ಮೂರೂವರೆ ಅಂಗುಲವಾಗುವುದರಿಂದ ಆರು ಅಡಿಯೊಳಗೆ ಇದೆಲ್ಲವೂ ನೆಮ್ಮದಿಯಾಗಿ ಹಿಡಿಯುತ್ತದೆ. ತಾತ ಹಗಲಿರುಳು ಮಾಡಿದ ಶಂಟಿಂಗ್ ಕೆಲಸ ಎಂಥ ಬುದ್ಧಿಯನ್ನು ಬೇಡುತ್ತಿತ್ತು ಎಂಬುದು ಮೊಮ್ಮಗನಿಗೆ ಆಗ ಅರ್ಥವಾದೀತು.

ಖರ್ಚಿನ ವಿಚಾರ. ಮೀಟರ್ ಗೇಜನ್ನು ಎಂಬತ್ತೇಳರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್. ಇದಕ್ಕೆ ಸಮೀಪದ ಹನ್ನೆರಡು ಮಿಲಿಮೀಟರಿನ ಹಳಿ ವಿದೇಶಗಳಲ್ಲಿ ತಯಾರಾಗುತ್ತದೆ, ಆದರೆ ದುಬಾರಿ. ಸುಲಭವಾಗಿ ಸಿಗುವ ಹದಿನಾರೂವರೆ ಮಿಲಿಮೀಟರಿನ ಹಳಿ ಯೂರೋಪು ಅಮೆರಿಕಗಳ ರೈಲಿನ ಅಗಲಕ್ಕೆ ಸರಿಯಾದದ್ದು. ಹೀಗಿರುವಾಗ ಮೊದಲ ವರ್ಷ ವಿದ್ಯುತ್ತಿನ ಎಂಜಿನ್ ಕೊಳ್ಳುವ ಅವಸರವೇ ಬೇಡ. ಮರದ ಪಟ್ಟಿಯಿಂದ ಹಳಿ ಮಾಡಿ, ರಟ್ಟಿನ ಡಬ್ಬಿಗಳಿಗೆ ಮರದ ಗಾಲಿ ಹಾಕಿ, ಕೈಯಿಂದಲೇ ತಳ್ಳಿ ಆಡಲಿ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರವನ್ನು ಕಡೆದು ಎಂಥ ಗುಂಡನೆಯ ವಸ್ತುವನ್ನಾದರೂ ಮಾಡಿಕೊಡಬಲ್ಲರು. ಗಾಲಿಗಳಿಗೆ ಅವರಿಗಿಂತ ಬೇರೆ ಯಾರು ಬೇಕು? ಆಟ ಕೈಹತ್ತಿದ ಮೇಲೆ ಹನ್ನೆರಡು ವೋಲ್ಟಿನ ಎಂಜಿನ್ನಿನ ಮಾತು. ಅದಕ್ಕೆ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಇರುವ ನಿಯಂತ್ರಕವನ್ನೇ ಕೊಳ್ಳಬೇಕು. ಮನೆಯ ವಿದ್ಯುತ್ತನ್ನು ಹುಡುಗರು ನೇರವಾಗಿ ಮುಟ್ಟಕೂಡದು.

ಕಟ್ಟುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆ. ಒಂದಡಿ ಅಗಲದ, ಅರ್ಧ ಅಂಗುಲ ದಪ್ಪದ ಪ್ಲೈವುಡ್ ಹಲಗೆ ಸಾಕು. ಬಾಗದಂತೆ ಅಡಿಯಲ್ಲಿ ಮರದ ರೀಪುಗಳ ಚೌಕಟ್ಟು ಇರಲಿ. ಗೋಡೆಗೆ ಕಬ್ಬಿಣದ ಎಲ್ ಆಕಾರದ ಪಟ್ಟಿಗಳನ್ನು ಮಟ್ಟ ನೋಡಿ ಬಿಗಿಯಬೇಕು. ಮಟ್ಟ ತಪ್ಪಿದರೆ ಡಬ್ಬಿಗಳು ತಾವಾಗಿಯೇ ಉರುಳುತ್ತವೆ. ಬಿಸಿಲು ನೇರವಾಗಿ ಬೀಳುವ ಗೋಡೆಯಾಗಲಿ, ಒಲೆಯ ಬದಿಯ ಗೋಡೆಯಾಗಲಿ ಬೇಡ. ಹಲಗೆಯಷ್ಟೇ ಅಳತೆಯ ಹಳೆಯ ಪತ್ರಿಕೆಗಳನ್ನು ಅಂಟಿಸಿ, ಅದರ ಮೇಲೆ ಹಳಿಯ ಗೆರೆ ಎಳೆದು, ರಟ್ಟಿನ ತುಂಡುಗಳನ್ನು ಡಬ್ಬಿಗಳೆಂದು ಭಾವಿಸಿ ಒಂದು ವಾರ ಆಡಿ ನೋಡಲಿ. ಕಾಗದದ ಮೇಲಿನ ತಪ್ಪನ್ನು ತಿದ್ದುವುದಕ್ಕೆ ಕಾಸು ಬೇಡ. ಆಮೇಲೆ ಹಳಿ, ಅನಂತರ ಓಡಾಟದ ಪರೀಕ್ಷೆ, ಕೊನೆಯಲ್ಲಿ ಕಟ್ಟಡ ಮತ್ತು ಗಿಡಮರ. ಈ ಕ್ರಮವನ್ನು ಮೀರಬಾರದು. ಜರಡಿ ಹಿಡಿದ ಮರಳು ಜಲ್ಲಿಯಾಗುತ್ತದೆ, ಊರಿನ ಕೆಮ್ಮಣ್ಣು ನೆಲವಾಗುತ್ತದೆ, ತೆಂಗಿನ ನಾರು ಒಣಹುಲ್ಲಾಗುತ್ತದೆ. ಕಲ್ಪತರು ನಾಡಿನಲ್ಲಿ ಇವಕ್ಕೆ ಬರವಿಲ್ಲ.

ಈಗ ತಂದೆಯ ಮೂಲಪ್ರಶ್ನೆಗೆ ಬರೋಣ. ಇದು ಕಾಯಕವೇ? ಅಲ್ಲ ಎಂದೇ ನನ್ನ ಉತ್ತರ. ಕಾಯಕವೆಂದರೆ ಸತ್ಯಶುದ್ಧವಾದ ದುಡಿಮೆ. ಅದರ ಫಲ ದಾಸೋಹಕ್ಕೆ ಸಲ್ಲಬೇಕು. ನುಲಿಯ ಚಂದಯ್ಯನವರು ಹೊಸೆದ ಹಗ್ಗ, ಮೇದಾರ ಕೇತಯ್ಯನವರು ಹೆಣೆದ ಬುಟ್ಟಿ ಜನರ ಬಾಳಿಗೆ ಬೇಕಾದ ವಸ್ತುಗಳು. ಆಟದ ರೈಲನ್ನು ಆ ಸಾಲಿಗೆ ಸೇರಿಸುವುದು ಶರಣರ ಮಾತನ್ನು ಹಗುರ ಮಾಡಿದಂತೆ. ಮಹತ್ತಾದುದನ್ನು ಅಂಗೈಗೆ ತಂದುಕೊಳ್ಳುವುದು ನಮ್ಮಲ್ಲಿ ಹಳೆಯ ಪದ್ಧತಿಯಲ್ಲವೇ ಎಂದು ಇಷ್ಟಲಿಂಗದೊಡನೆ ಹೋಲಿಸುವವರೂ ಉಂಟು. ಅದೂ ಸಲ್ಲದು. ಇಷ್ಟಲಿಂಗ ಯಾವುದರ ಪ್ರತಿಕೃತಿಯೂ ಅಲ್ಲ.

ಹಾಗಾದರೆ ಇದು ವಿನೋದ. ವಿನೋದವನ್ನು ಬಸವಾದಿ ಪ್ರಮಥರ ಧರ್ಮ ನಿಷೇಧಿಸಿಲ್ಲ. ನಾಟಕ ಕಂಪನಿಗೆ ಚನ್ನಬಸವೇಶ್ವರರ ಹೆಸರನ್ನಿಟ್ಟ ಗುಬ್ಬಿಯ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ವಿನೋದಕ್ಕೊಂದು ಮರ್ಯಾದೆ ಉಂಟು. ಅದು ಮನೆಯವರ ಅನ್ನವನ್ನೂ ಓದನ್ನೂ ಕಸಿಯಬಾರದು. ಕೈಗೆ ನಯವನ್ನು, ಕಣ್ಣಿಗೆ ನೋಟವನ್ನು ಕೊಡಬೇಕು. ಒಬ್ಬನ ಬಾಗಿಲು ಹಾಕಿದ ಕೋಣೆಯಲ್ಲಿ ಕೊಳೆಯದೆ ನಾಲ್ವರಿಗೆ ಒದಗಬೇಕು. ಪುಣೆಯಲ್ಲಿ ಭಾವು ಜೋಶಿಯವರು ತಮ್ಮ ಹವ್ಯಾಸದ ಪುಟ್ಟ ರೈಲುಗಳನ್ನು 1998ರಲ್ಲಿ ಸಾರ್ವಜನಿಕರ ನೋಟಕ್ಕೆ ತೆರೆದರು. ಒಬ್ಬರ ವಿನೋದ ಊರ ಮಕ್ಕಳ ಪಾಠವಾಯಿತು. ಕುಣಿಗಲ್ಲಿನ ಹುಡುಗನೂ ಮಾಸಿಕ ಖರ್ಚಿಗೊಂದು ಮಿತಿಯನ್ನು ಬರೆದಿಟ್ಟು, ಪರೀಕ್ಷೆಯ ತಿಂಗಳಲ್ಲಿ ಹಲಗೆಗೆ ಬಟ್ಟೆ ಮುಚ್ಚಿ, ರಜೆಯಲ್ಲಿ ಕೇರಿಯ ಮಕ್ಕಳನ್ನು ಕರೆದು ಚೀಟಿ ಎತ್ತಿಸುವುದಾದರೆ ತಂದೆ ಸಂತೋಷದಿಂದ ಅನುಮತಿ ಕೊಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ನಿವೃತ್ತಿಯ ಮೇಲೆ ಯಾರೂ ಕೇಳದ ಹಿರಿಯರ ದುಡಿಮೆಯ ಮಾತನ್ನು ಕೇಳುವುದಕ್ಕೆ ಈ ಹಲಗೆ ಒಂದು ನೆಪ. ಈ ನೆಪವನ್ನು ಮುಂದೂಡಬಾರದು. ಹಲಗೆಯನ್ನು ಮುಂದಿನ ವರ್ಷವೂ ಕೊಳ್ಳಬಹುದು.

ಮನೆಯಲ್ಲಿ ರೈಲ್ವೆಯವರಿಲ್ಲದವರು ಏನು ಮಾಡಬೇಕು? ಎಣ್ಣೆಯ ಗಾಣ, ಏತದ ಬಾವಿ, ಕೈಮಗ್ಗದ ಗುಂಡಿ, ಯಾವುದನ್ನಾದರೂ ಇದೇ ರೀತಿ ಅಳೆದು ಕೇಳಿ ಕಟ್ಟಬಹುದು. ಕಟ್ಟಿ ಮುಗಿದ ಮೇಲೆ ಹಲಗೆಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆಯುವುದನ್ನು ಮರೆಯಬೇಡಿ: ಯಾವ ಊರು, ಯಾವ ಕಾಲ, ಹೇಳಿಕೊಟ್ಟವರು ಯಾರು, ಕಟ್ಟಿದವರು ಯಾರು. ಬಣ್ಣ ಮಾಸಿದರೂ ಆ ಬರಹ ಉಳಿಯುವಂತೆ ಪೆನ್ಸಿಲಿನಿಂದ ಒತ್ತಿ ಬರೆಯಿರಿ.